ಪವರ್‌ಶೆಲ್ ತಂತ್ರಾಂಶದ ಹೊಸ ಆವೃತ್ತಿಗಳು ಮತ್ತು ದಾಖಲೆಗಳಲ್ಲಿನ ಕನ್ನಡ ಹೆಸರು: ಒಂದು ವಿಶ್ಲೇಷಣೆ

(ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಅರ್ಜಿಯಲ್ಲಿ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ನಮೂದಿಸಿದ್ದರೂ, ನಂತರ ಸಿದ್ಧವಾಗುವ ಪಟ್ಟಿಯಲ್ಲಿ ಆ ಹೆಸರಿನ ಸ್ಥಳದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮುದ್ರಿತವಾಗಿರುವುದು ಕೆಲವೊಮ್ಮೆ ಕಂಡುಬರುತ್ತದೆ. ಇದಕ್ಕೆ ಹಲವು ಕಾರಣಗಳಿರಬಹುದು. ಅವುಗಳ ಪೈಕಿ ಮುಖ್ಯವಾದ ಒಂದು ಕಾರಣವು, ಒಂದು ಗಣಕ ವ್ಯವಸ್ಥೆಯಿಂದ ಮತ್ತೊಂದಕ್ಕೆ ಪಟ್ಟಿಗಳನ್ನು ವರ್ಗಾಯಿಸಲು ಬಳಸುವ ಪವರ್‌ಶೆಲ್ ಎಂಬ ತಂತ್ರಾಂಶದ ಆವೃತ್ತಿಗೆ ಸಂಬಂಧಿಸಿದೆ. ಸದರಿ ತಂತ್ರಾಂಶ, ಅದರ ಮಾಡ್ಯೂಲ್‌ಗಳು ಹಾಗೂ ಸಂಪಾದಕ ಸಾಧನಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಗಿರುವ ಬದಲಾವಣೆಗಳನ್ನು ಮತ್ತು ಅವುಗಳಿಂದ ಅರ್ಜಿದಾರರ ಮೇಲಾಗುವ ಪರಿಣಾಮವನ್ನು ಈ ಕೆಳಗೆ ವಿವರಿಸಲಾಗಿದೆ.

2. ಪವರ್‌ಶೆಲ್ ಎಂದರೇನು?

ಗಣಕಯಂತ್ರಕ್ಕೆ ಗುಂಡಿಗಳನ್ನು ಒತ್ತುವ ಬದಲು ಅಕ್ಷರಗಳಲ್ಲಿ ಆದೇಶ ನೀಡುವ ಕ್ರಮವೊಂದಿದೆ. ಇಂತಹ ಆದೇಶಗಳನ್ನು ಸಾಲಾಗಿ ಬರೆದು ಉಳಿಸಿಟ್ಟುಕೊಂಡಲ್ಲಿ ಅದನ್ನು ಸ್ಕ್ರಿಪ್ಟ್ ಎನ್ನಲಾಗುತ್ತದೆ. ಸಾವಿರಾರು ಅರ್ಜಿಗಳ ಪಟ್ಟಿಯನ್ನು ಗ್ರಾಮವಾರು ವಿಂಗಡಿಸುವುದು, ಪ್ರತಿದಿನ ರಾತ್ರಿ ದತ್ತಾಂಶದ ಪ್ರತಿ ತೆಗೆಯುವುದು ಮುಂತಾದ ಕೆಲಸಗಳನ್ನು ಸ್ಕ್ರಿಪ್ಟ್ ಮೂಲಕ ಕೆಲವೇ ನಿಮಿಷಗಳಲ್ಲಿ ಪೂರೈಸಬಹುದು.

ಮೈಕ್ರೋಸಾಫ್ಟ್ ಸಂಸ್ಥೆಯ ಜೆಫ್ರಿ ಸ್ನೋವರ್ ಅವರು 2002ರಲ್ಲಿ ರೂಪಿಸಿದ ಪ್ರಸ್ತಾವನೆಯ ಫಲವಾಗಿ ಪವರ್‌ಶೆಲ್‌ನ ಪ್ರಥಮ ಆವೃತ್ತಿಯು 2006ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. 2009ರ 2.0 ಆವೃತ್ತಿಯಲ್ಲಿ ಮಾಡ್ಯೂಲ್ ಎಂಬ ವ್ಯವಸ್ಥೆ ಸೇರ್ಪಡೆಯಾಯಿತು. ಒಂದು ನಿರ್ದಿಷ್ಟ ಕೆಲಸಕ್ಕೆ ಬೇಕಾದ ಆದೇಶಗಳನ್ನು ಒಟ್ಟುಗೂಡಿಸಿದ ಕಟ್ಟೇ ಮಾಡ್ಯೂಲ್. 2016ರ ಆಗಸ್ಟ್‌ನಲ್ಲಿ ಇದರ ಮೂಲಸಂಕೇತವನ್ನು ಸಾರ್ವಜನಿಕಗೊಳಿಸಿ, ಲಿನಕ್ಸ್ ಮತ್ತು ಮ್ಯಾಕ್ ಗಣಕಯಂತ್ರಗಳಿಗೂ ವಿಸ್ತರಿಸಲಾಯಿತು.

ಅಂದಿನಿಂದ ಎರಡು ಪ್ರತ್ಯೇಕ ಶ್ರೇಣಿಗಳು ಚಾಲ್ತಿಯಲ್ಲಿವೆ. ಮೊದಲನೆಯದು, ವಿಂಡೋಸ್ ಜೊತೆಯಲ್ಲಿಯೇ ಬರುವ ವಿಂಡೋಸ್ ಪವರ್‌ಶೆಲ್ 5.1. ಎರಡನೆಯದು, 2018ರ ಜನವರಿಯಲ್ಲಿ 6.0 ಆಗಿ ಆರಂಭವಾಗಿ, 2020ರ ಮಾರ್ಚ್‌ನಲ್ಲಿ 7.0, 2023ರ ನವೆಂಬರ್‌ನಲ್ಲಿ 7.4 ಹಾಗೂ 2025ರ ಜನವರಿಯಲ್ಲಿ 7.5 ಆವೃತ್ತಿಗಳಾಗಿ ಮುಂದುವರಿದ ಹೊಸ ಶ್ರೇಣಿ. ಹೊಸ ಶ್ರೇಣಿಯನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಾಗುತ್ತದೆ. ಹೀಗೆ ಅಳವಡಿಸಿಕೊಂಡಾಗ ಹಳೆಯದು ತೆಗೆದುಹೋಗುವುದಿಲ್ಲ. ಎರಡೂ ಅಕ್ಕಪಕ್ಕದಲ್ಲಿ ಇರುತ್ತವೆ. ಆದ್ದರಿಂದ ಹೊಸ ಆವೃತ್ತಿ ಇರುವ ಗಣಕಯಂತ್ರದಲ್ಲಿಯೂ ಪಟ್ಟಿಯು ಹಳೆಯ ಆವೃತ್ತಿಯಲ್ಲಿಯೇ ಸಿದ್ಧವಾಗುವ ಸಾಧ್ಯತೆ ಇದೆ.

3. ಕನ್ನಡ ಹೆಸರು ಅಳಿಸಿಹೋಗುವ ಬಗೆ

ಯೂನಿಕೋಡ್ ಕ್ರಮದಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ, ಗುಣಿತ ಚಿಹ್ನೆಗೂ ಪ್ರತ್ಯೇಕ ಸಂಕೇತವಿದೆ. ವಿಂಡೋಸ್ ಗಣಕಯಂತ್ರಗಳು ಸಾಮಾನ್ಯವಾಗಿ ಅನುಸರಿಸುವ ಯೂನಿಕೋಡ್ ಪೂರ್ವದ ಹಳೆಯ ಸಂಕೇತಪಟ್ಟಿಗಳಲ್ಲಿ ಕನ್ನಡಕ್ಕೆ ಸ್ಥಾನವಿಲ್ಲ. ವಿಂಡೋಸ್ ಪವರ್‌ಶೆಲ್ 5.1 ಆವೃತ್ತಿಯಲ್ಲಿ, ಪಟ್ಟಿಯನ್ನು ಹೊರತೆಗೆಯುವ ಎಕ್ಸ್‌ಪೋರ್ಟ್-ಸಿಎಸ್‌ವಿ ಎಂಬ ಆದೇಶವು ಬೇರೆ ಸೂಚನೆ ನೀಡದಿದ್ದಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಕ್ರಮದಲ್ಲಿ ಬರೆಯುತ್ತದೆ. ಸೆಟ್-ಕಂಟೆಂಟ್ ಎಂಬ ಆದೇಶವು ಆ ಗಣಕಯಂತ್ರದ ಹಳೆಯ ಸಂಕೇತಪಟ್ಟಿಯನ್ನು ಅನುಸರಿಸುತ್ತದೆ. ಪಟ್ಟಿಯಲ್ಲಿಲ್ಲದ ಪ್ರತಿಯೊಂದು ಸಂಕೇತದ ಬದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ದಾಖಲಾಗುತ್ತದೆ. ಕೆಲಸವು ನಿಲ್ಲುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ.

ಉದಾಹರಣೆಗೆ, "ಕೃಷ್ಣಪ್ಪ" ಎಂಬ ಹೆಸರಿನಲ್ಲಿ 8 ಸಂಕೇತಗಳಿವೆ. "ತಿಮ್ಮಪ್ಪ" ಎಂಬ ಹೆಸರಿನಲ್ಲಿಯೂ 8 ಸಂಕೇತಗಳಿವೆ. ಮೇಲ್ಕಂಡ ರೀತಿಯಲ್ಲಿ ಹೊರತೆಗೆದ ಪಟ್ಟಿಯಲ್ಲಿ ಇಬ್ಬರ ಹೆಸರೂ ತಲಾ 8 ಪ್ರಶ್ನಾರ್ಥಕ ಚಿಹ್ನೆಗಳಾಗಿ ಒಂದೇ ಆಗುತ್ತವೆ. ಆ ಪಟ್ಟಿಯೊಂದರಿಂದಲೇ ಯಾರು ಕೃಷ್ಣಪ್ಪ, ಯಾರು ತಿಮ್ಮಪ್ಪ ಎಂದು ಪುನಃ ಗುರುತಿಸಲು ಯಾವುದೇ ತಂತ್ರಾಂಶದಿಂದ ಸಾಧ್ಯವಿಲ್ಲ. ಮೂಲ ಅರ್ಜಿ ಅಥವಾ ಮೂಲ ದತ್ತಾಂಶವೇ ಆಧಾರ.

ಇನ್ನೊಂದು ಬಗೆಯ ದೋಷವನ್ನು ಇದರಿಂದ ಪ್ರತ್ಯೇಕವಾಗಿ ತಿಳಿಯಬೇಕು. 6.0 ಆವೃತ್ತಿಯಿಂದೀಚೆಗೆ ಪವರ್‌ಶೆಲ್ ತಾನಾಗಿಯೇ ಯುಟಿಎಫ್-8 ಎಂಬ ಯೂನಿಕೋಡ್ ಕ್ರಮದಲ್ಲಿ ಬರೆಯುತ್ತದೆ. ಇದರಲ್ಲಿ ಕನ್ನಡ ಹೆಸರು ಪೂರ್ಣವಾಗಿ ಉಳಿಯುತ್ತದೆ. ಆದರೆ ಯುಟಿಎಫ್-8 ಎಂದು ಸೂಚಿಸುವ ಗುರುತು ಕಡತದ ಆರಂಭದಲ್ಲಿ ಇರುವುದಿಲ್ಲವಾದ್ದರಿಂದ, ಅದನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಬಹುದು. ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್‌ಗಳಿದ್ದು, ಹಳೆಯ ಕ್ರಮದಲ್ಲಿ ಓದಿದಾಗ ಅದು 3 ಬೇರೆ ಅಕ್ಷರಗಳಾಗಿ ಒಡೆಯುವುದೇ ಇದಕ್ಕೆ ಕಾರಣ. ಇಲ್ಲಿ ಹೆಸರು ನಷ್ಟವಾಗಿರುವುದಿಲ್ಲ. ಮೂಲ ಕಡತವನ್ನು ಸರಿಯಾದ ಕ್ರಮದಲ್ಲಿ ತೆರೆದರೆ ಹೆಸರು ಮರಳಿ ದೊರೆಯುತ್ತದೆ.

4. ಸಂಪಾದಕ ಸಾಧನಗಳಲ್ಲಿನ ಬದಲಾವಣೆ

ಸ್ಕ್ರಿಪ್ಟ್‌ಗಳನ್ನು ಬರೆಯಲು 2009ರಿಂದ ವಿಂಡೋಸ್ ಪವರ್‌ಶೆಲ್ ಐಎಸ್ಇ ಎಂಬ ಸಾಧನವನ್ನು ಒದಗಿಸಲಾಗಿದೆ. ಇದು 5.1 ಆವೃತ್ತಿಯವರೆಗೆ ಮಾತ್ರ ಬಳಕೆಗೆ ಬರುತ್ತದೆ. ಇದಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವುದನ್ನು ಮೈಕ್ರೋಸಾಫ್ಟ್ ನಿಲ್ಲಿಸಿದ್ದು, ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಉಚಿತ ಸಂಪಾದಕವನ್ನೂ ಅದಕ್ಕೆ 2015ರಿಂದ ಲಭ್ಯವಿರುವ ಪವರ್‌ಶೆಲ್ ವಿಸ್ತರಣೆಯನ್ನೂ ಬಳಸುವಂತೆ ಸಲಹೆ ನೀಡಿದೆ.

ಈ ಬದಲಾವಣೆಯಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮ ಅಂಶವಿದೆ. ಹೊಸ ಸಂಪಾದಕವು ಕಡತವನ್ನು ಸಾಮಾನ್ಯವಾಗಿ ಆರಂಭದ ಗುರುತಿಲ್ಲದ ಯುಟಿಎಫ್-8ರಲ್ಲಿ ಉಳಿಸುತ್ತದೆ. ಗುರುತಿಲ್ಲದ ಸ್ಕ್ರಿಪ್ಟನ್ನು 5.1 ಆವೃತ್ತಿಯು ಹಳೆಯ ಸಂಕೇತಪಟ್ಟಿಯಂತೆ ಓದುತ್ತದೆ. ಇದರ ಪರಿಣಾಮವಾಗಿ, ಸ್ಕ್ರಿಪ್ಟಿನೊಳಗೆ ಬರೆದಿರುವ "ಅರ್ಜಿದಾರರ ಹೆಸರು", "ಗ್ರಾಮ", "ಹೋಬಳಿ" ಮುಂತಾದ ಕನ್ನಡ ಶೀರ್ಷಿಕೆಗಳು ಕೆಡುತ್ತವೆ. ಸಂಪಾದಕವನ್ನು ಮಾತ್ರ ಬದಲಾಯಿಸಿ ಆವೃತ್ತಿಯನ್ನು ಹಾಗೆಯೇ ಉಳಿಸಿಕೊಳ್ಳುವ ಕಛೇರಿಯಲ್ಲಿ ಹಿಂದೆ ಇಲ್ಲದ ದೋಷವು ಹೊಸದಾಗಿ ಕಾಣಿಸಿಕೊಳ್ಳಲು ಇದು ಕಾರಣವಾಗಬಹುದು. ಪಿಎಸ್ ಸ್ಕ್ರಿಪ್ಟ್ ಅನಲೈಸರ್ ಎಂಬ ಪರಿಶೀಲನಾ ಮಾಡ್ಯೂಲ್‌ನಲ್ಲಿ ಇಂತಹ ಕಡತಗಳನ್ನು ಎತ್ತಿ ತೋರಿಸುವ ನಿಯಮವೊಂದಿದೆ. ಸ್ಕ್ರಿಪ್ಟ್ ಬಳಕೆಗೆ ಬರುವ ಮುನ್ನವೇ ಈ ಪರಿಶೀಲನೆ ನಡೆಸಿದಲ್ಲಿ ಈ ಬಗೆಯ ದೋಷವನ್ನು ತಡೆಯಬಹುದಾಗಿದೆ.

5. ಮಾಡ್ಯೂಲ್‌ಗಳ ಬಿಡುಗಡೆ ಮತ್ತು ಮುಕ್ತಾಯ

2023ರ ಅಕ್ಟೋಬರ್‌ನಲ್ಲಿ ಪಿಎಸ್ ರಿಸೋರ್ಸ್ ಗೆಟ್ ಎಂಬ ಹೊಸ ಮಾಡ್ಯೂಲ್‌ನ 1.0 ಆವೃತ್ತಿ ಬಿಡುಗಡೆಯಾಗಿ, ಮುಂದಿನ ತಿಂಗಳು 7.4 ಆವೃತ್ತಿಯ ಜೊತೆಯಲ್ಲಿಯೇ ನೀಡಲಾಯಿತು. ಇತರ ಮಾಡ್ಯೂಲ್‌ಗಳನ್ನು ಪಡೆಯುವುದು ಮತ್ತು ನವೀಕರಿಸುವುದು ಇದರ ಕೆಲಸ. ಇದೇ ವೇಳೆ ಹಳೆಯ ಮಾಡ್ಯೂಲ್‌ಗಳು ಮುಕ್ತಾಯಗೊಂಡಿವೆ. ಬಳಕೆದಾರರ ಖಾತೆಗಳ ನಿರ್ವಹಣೆಗೆ ಬಳಸುತ್ತಿದ್ದ ಎಂಎಸ್ ಆನ್‌ಲೈನ್ ಮಾಡ್ಯೂಲ್‌ಗೆ 2024ರ ಮಾರ್ಚ್ 30ರಂದು ಮುಕ್ತಾಯದ ಘೋಷಣೆ ಅನ್ವಯವಾಗಿ, 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಅದನ್ನು ಹಂತಹಂತವಾಗಿ ಸ್ಥಗಿತಗೊಳಿಸಲಾಯಿತು. ಪವರ್‌ಶೆಲ್ 2.0 ಆವೃತ್ತಿಯನ್ನು 2025ರ ಆಗಸ್ಟ್‌ನಿಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದಲೂ, ಸೆಪ್ಟೆಂಬರ್‌ನಿಂದ ವಿಂಡೋಸ್ ಸರ್ವರ್ 2025ರಿಂದಲೂ ತೆಗೆದುಹಾಕಲಾಗಿದೆ.

6. ವಿಶ್ಲೇಷಣೆ

ಮೇಲಿನ ವಿವರಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಮುಕ್ತಾಯದ ದಿನಾಂಕ ಇರುವ ಸಾಧನಗಳನ್ನು ಕಛೇರಿಗಳು ಅನಿವಾರ್ಯವಾಗಿ ಬದಲಾಯಿಸಿಕೊಳ್ಳುತ್ತವೆ. ಏಕೆಂದರೆ ದಿನಾಂಕ ಮೀರಿದರೆ ಕೆಲಸವೇ ನಿಲ್ಲುತ್ತದೆ. ಆದರೆ ಕನ್ನಡ ಹೆಸರುಗಳಿಗೆ ಹಾನಿಯಾಗುವುದು 5.1 ಆವೃತ್ತಿಯಲ್ಲಿ. ಹಳೆಯ ಸ್ಕ್ರಿಪ್ಟ್‌ಗಳು ಕೆಡಬಾರದೆಂಬ ಕಾರಣಕ್ಕೆ ಅದನ್ನು ವಿಂಡೋಸ್‌ನಲ್ಲಿ ಉಳಿಸಿಕೊಳ್ಳಲಾಗಿದೆ. ಅದರ ಹಳೆಯ ನಡವಳಿಕೆಯನ್ನೂ ಬದಲಾಯಿಸಿಲ್ಲ. ಅಂದರೆ, ಈ ದೋಷವನ್ನು ಸರಿಪಡಿಸಲು ಒತ್ತಾಯಿಸುವ ಯಾವುದೇ ದಿನಾಂಕ ಇಲ್ಲ.

ಜೊತೆಗೆ, ಇಂಗ್ಲಿಷ್ ಹೆಸರುಗಳಿರುವ ಪಟ್ಟಿಯಿಂದ ಪರೀಕ್ಷಿಸಿದಾಗ ಈ ದೋಷ ಕಾಣಿಸುವುದೇ ಇಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ರೂಪಗಳು ರೋಮನ್ ಸಂಕೇತಗಳ ಸ್ಥಾನದಲ್ಲಿಯೇ ಇರುತ್ತಿದ್ದುದರಿಂದ, ಸೆಟ್-ಕಂಟೆಂಟ್‌ನಂತಹ ಆದೇಶಗಳ ಮೂಲಕ ಹಾದುಹೋದಾಗಲೂ ಅವು ಬಹುಮಟ್ಟಿಗೆ ಉಳಿಯುತ್ತಿದ್ದವು. ದತ್ತಾಂಶವು ಯೂನಿಕೋಡ್‌ಗೆ ವರ್ಗಾವಣೆಯಾದ ನಂತರ ಅದೇ ಸ್ಕ್ರಿಪ್ಟ್ ತಪ್ಪು ಫಲಿತಾಂಶ ನೀಡುತ್ತದೆ.

ಪರಿಹಾರವು ದುಬಾರಿಯಲ್ಲ. ಹೊಸ ಆವೃತ್ತಿ ಉಚಿತ. 5.1ರಲ್ಲಿಯೇ ಮುಂದುವರಿಯಬೇಕಾದಲ್ಲಿಯೂ ಆದೇಶದ ಜೊತೆಗೆ ಯುಟಿಎಫ್-8 ಎಂಬ ಸೂಚನೆಯನ್ನು ಸೇರಿಸಿದರೆ ಸಾಕಾಗುತ್ತದೆ. ಆದರೆ ಪ್ರತಿ ಸ್ಕ್ರಿಪ್ಟನ್ನೂ ತೆರೆದು ನೋಡಬೇಕು. ಕನ್ನಡ ಹೆಸರುಗಳಿಂದಲೇ ಪರೀಕ್ಷಿಸಬೇಕು. ಒಂದು ಖಾತೆಪುಸ್ತಕದಿಂದ ಮತ್ತೊಂದಕ್ಕೆ ಶಿಲ್ಕನ್ನು ಒಯ್ಯುವಾಗ ತಾಳೆ ನೋಡಿದ ನಂತರವೇ ಹಳೆಯ ಪುಸ್ತಕವನ್ನು ಮುಚ್ಚುವುದು ವಾಡಿಕೆ. ಅದೇ ರೀತಿ, ಹೊರತೆಗೆದ ಪಟ್ಟಿಯನ್ನು ಮೂಲದೊಡನೆ ತಾಳೆ ನೋಡುವವರೆಗೆ ಮೂಲ ದತ್ತಾಂಶವನ್ನು ಅಳಿಸದಿರುವುದು ಅತ್ಯಗತ್ಯ. ಇಂತಹ ಪರಿಶೀಲನೆಗಾಗಿ ಸೇವೆಯನ್ನು ಕೆಲ ಗಂಟೆಗಳ ಕಾಲ ನಿಲ್ಲಿಸಬೇಕಾಗಿ ಬಂದರೂ, ಅಳಿದ ಹೆಸರುಗಳನ್ನು ಮೂಲ ಅರ್ಜಿಗಳಿಂದ ಒಂದೊಂದಾಗಿ ಪುನಃ ನಮೂದಿಸುವ ಶ್ರಮಕ್ಕೆ ಹೋಲಿಸಿದಲ್ಲಿ ಅದು ಅಲ್ಪವೇ ಸರಿ.

7. ಅರ್ಜಿದಾರರ ಗಮನಕ್ಕೆ

(ಅ) ಸ್ವೀಕೃತಿ ಪತ್ರವನ್ನು ಸೇವೆ ದೊರೆಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳುವುದು. ಹೆಸರು ಅಳಿಸಿಹೋದ ಸಂದರ್ಭದಲ್ಲಿಯೂ ಸ್ವೀಕೃತಿ ಸಂಖ್ಯೆಯು ಅಂಕಿಗಳು ಹಾಗೂ ಇಂಗ್ಲಿಷ್ ಅಕ್ಷರಗಳಲ್ಲಿರುವುದರಿಂದ ಪಟ್ಟಿಯಲ್ಲಿ ಉಳಿದಿರುತ್ತದೆ.

(ಆ) ಕರಡು ಪಟ್ಟಿ ಪ್ರಕಟವಾದಾಗ ತಮ್ಮ ಹೆಸರು, ತಂದೆ ಅಥವಾ ಪತಿಯ ಹೆಸರು ಹಾಗೂ ಗ್ರಾಮದ ಹೆಸರನ್ನು ಪರಿಶೀಲಿಸುವುದು.

(ಇ) ಪ್ರಶ್ನಾರ್ಥಕ ಚಿಹ್ನೆಗಳು ಕಂಡುಬಂದಲ್ಲಿ, ಮೂಲ ಅರ್ಜಿಯಿಂದ ಹೆಸರನ್ನು ಪುನಃ ನಮೂದಿಸುವಂತೆ ಸ್ವೀಕೃತಿ ಸಂಖ್ಯೆಯೊಂದಿಗೆ ಲಿಖಿತ ಮನವಿ ಸಲ್ಲಿಸುವುದು. ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡುಬಂದಲ್ಲಿ ಅದನ್ನೇ ಮನವಿಯಲ್ಲಿ ತಿಳಿಸುವುದು. ಇದರಿಂದ ಸಿಬ್ಬಂದಿಗೆ ದೋಷದ ಮೂಲವನ್ನು ಗುರುತಿಸಲು ಅನುಕೂಲವಾಗುತ್ತದೆ.

(ಈ) ಹೆಸರು ಕಾಣಲಿಲ್ಲವೆಂದು ತಕ್ಷಣ ಎರಡನೆಯ ಅರ್ಜಿ ಸಲ್ಲಿಸದಿರುವುದು. ಒಬ್ಬರ ಹೆಸರಿನಲ್ಲಿ ಎರಡು ಅರ್ಜಿಗಳಿದ್ದಲ್ಲಿ ಪರಿಶೀಲನೆ ಮತ್ತಷ್ಟು ವಿಳಂಬವಾಗುವ ಸಂಭವವಿರುತ್ತದೆ.

(ಉ) ಅರ್ಜಿ ಸಲ್ಲಿಸಲು ಅರ್ಜಿದಾರರು ಪವರ್‌ಶೆಲ್ ಬಳಸುವ ಅಗತ್ಯವಿಲ್ಲ. "ನೀವು ಮನುಷ್ಯರೆಂದು ದೃಢಪಡಿಸಿ" ಎಂಬ ನೆಪದಲ್ಲಿ ಯಾವುದೋ ಆದೇಶವನ್ನು ನಕಲು ಮಾಡಿ ತಮ್ಮ ಗಣಕಯಂತ್ರದಲ್ಲಿ ಅಂಟಿಸುವಂತೆ ಸೂಚಿಸುವ ನಕಲಿ ಪುಟಗಳು ಗುಪ್ತಪದಗಳನ್ನು ಕದಿಯಲು ಇದೇ ತಂತ್ರಾಂಶವನ್ನು ದುರುಪಯೋಗಪಡಿಸಿಕೊಳ್ಳುತ್ತವೆ. ಅಂತಹ ಸೂಚನೆಗಳನ್ನು ಪಾಲಿಸಬಾರದು.

ಅರ್ಜಿದಾರರ ಹೆಸರು ಅವರು ಬರೆದಂತೆಯೇ ದಾಖಲೆಯಲ್ಲಿ ಇರತಕ್ಕದ್ದು. ಈ ದಿಸೆಯಲ್ಲಿ ಕಂಡುಬರುವ ಲೋಪಗಳನ್ನು ಅಂತಿಮ ಪಟ್ಟಿ ಪ್ರಕಟವಾಗುವ ಮುನ್ನವೇ ಅರ್ಜಿ ಸಲ್ಲಿಸಿದ ಕಛೇರಿಯ ಗಮನಕ್ಕೆ ತಂದು ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.