ನೀವು ಹುಟ್ಟಿದ ವರ್ಷದ ಪುಸ್ತಕ

ಸೋದರಿಯರೇ, ನಮ್ಮಲ್ಲಿ ಹುಟ್ಟಿದ ವರ್ಷವನ್ನು ನೆನಪಿಡುವ ರೀತಿಯೇ ಬೇರೆ. "ಕೆರೆ ಕೋಡಿ ಬಿದ್ದ ವರ್ಷ", "ದೊಡ್ಡ ಬರ ಬಂತಲ್ಲ, ಅದರ ಮುಂದಿನ ವರ್ಷ", "ನಮ್ಮ ಕೆಂಪಿ ಹಸು ಎರಡನೇ ಕರು ಹಾಕಿದಾಗ" ಹೀಗೆ ಹಿರಿಯರು ಲೆಕ್ಕ ಹೇಳುತ್ತಾರೆ. ನಾನು ಹುಟ್ಟಿದ್ದು 1979ರಲ್ಲಿ. ನಮ್ಮ ಮನೆಯಲ್ಲಿ ಅದಕ್ಕೆ "ಸ್ಕೈಲ್ಯಾಬು ಬಿದ್ದ ವರ್ಷ" ಅಂತಲೇ ಹೆಸರು. ಆ ಜುಲೈ ತಿಂಗಳಲ್ಲಿ ಅಮೆರಿಕದವರ ಆಕಾಶ ನಿಲ್ದಾಣ ಎಲ್ಲಿ ನಮ್ಮ ತಲೆಯ ಮೇಲೇ ಬೀಳುತ್ತದೋ ಎಂದು ಜನ ಹೆದರಿ ಕೂತಿದ್ದರಂತೆ. ಕೊನೆಗೆ ಅದರ ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ!

ಬರ, ಮಳೆ, ಸ್ಕೈಲ್ಯಾಬು ಎಲ್ಲಾ ಸರಿ. ಆದರೆ ನೀವು ಹುಟ್ಟಿದ ವರ್ಷ ಕನ್ನಡದಲ್ಲಿ ಯಾವ ಪುಸ್ತಕ ಹೊರಗೆ ಬಂತು ಅಂತ ಎಂದಾದರೂ ವಿಚಾರಿಸಿದ್ದೀರಾ? "ಅಯ್ಯೋ, ಕೆಲಸವಿಲ್ಲದವರ ಮಾತು" ಅನ್ನಬೇಡಿ. ಸ್ವಲ್ಪ ಕೇಳಿ.

ನಮ್ಮ ಅಮ್ಮಂದಿರು ನಮಗೆ ಗೊತ್ತಿರುವುದು ನಮಗೆ ಬುದ್ಧಿ ತಿಳಿದ ಮೇಲಿನಿಂದ. ಅಂದರೆ ನಮಗೆ ಐದೋ ಆರೋ ವರ್ಷವಾದ ಮೇಲೆ. ಅಷ್ಟು ಹೊತ್ತಿಗೆ ಅವರು ಪೂರಾ ಗೃಹಿಣಿಯರಾಗಿ, ಹಾಲು ಉಕ್ಕುವುದನ್ನೂ ಮಕ್ಕಳ ಜ್ವರವನ್ನೂ ನೋಡಿಕೊಳ್ಳುವವರಾಗಿ ಬಿಟ್ಟಿರುತ್ತಾರೆ. ನಾವು ತೊಟ್ಟಿಲಲ್ಲಿ ಮಲಗಿದ್ದಾಗ ಆ ತೊಟ್ಟಿಲು ತೂಗುತ್ತಿದ್ದ ಇಪ್ಪತ್ತು ಇಪ್ಪತ್ತೈದರ ಹುಡುಗಿ ಯಾರು, ಅವಳ ಮನಸ್ಸಿನಲ್ಲಿ ಏನಿತ್ತು, ಆಗ ಜನ ಏನು ಮಾತಾಡಿಕೊಳ್ಳುತ್ತಿದ್ದರು, ನಮಗೇನು ಗೊತ್ತು? ಆ ವರ್ಷದ ಪುಸ್ತಕ ಹಿಡಿದರೆ ಆ ಕಾಲಕ್ಕೆ ಒಂದು ಕಿಟಕಿ ತೆರೆದ ಹಾಗೆ.

ನನ್ನ ವರ್ಷದ ಅದೃಷ್ಟ ನೋಡಿ. ಎಸ್.ಎಲ್. ಭೈರಪ್ಪನವರ 'ಪರ್ವ', ಯಶವಂತ ಚಿತ್ತಾಲರ 'ಶಿಕಾರಿ', ವೈದೇಹಿಯವರ ಮೊದಲ ಕಥಾಸಂಕಲನ 'ಮರ ಗಿಡ ಬಳ್ಳಿ', ಮೂರೂ 1979ರವು. ಎಸ್ಸೆಸ್ಸೆಲ್ಸಿ ಓದಿದ ನಾನು ಈ ಮೂರನ್ನೂ ಕಳೆದ ವರ್ಷ ಓದಿ ಮುಗಿಸಿದೆ.

'ಶಿಕಾರಿ' ಮುಂಬಯಿಯ ಕಥೆ. ನಾಗಪ್ಪ ಎಂಬ ದೊಡ್ಡ ಕಂಪನಿಯ ಅಧಿಕಾರಿ. ಒಂದು ದಿನ ಇದ್ದಕ್ಕಿದ್ದಂತೆ ಅವನ ಮೇಲೆ ಆಪಾದನೆ ಬರುತ್ತದೆ. ಏನು ತಪ್ಪು, ಯಾರು ಹೇಳಿದ್ದು, ಒಂದೂ ಸ್ಪಷ್ಟವಿಲ್ಲ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಮುಂಬಯಿಯ ಕಾರ್ಖಾನೆಯ ಕೆಲಸದಲ್ಲೇ ಇದ್ದವರು. ಹಾಗಾಗಿ ಆ ಭಯವೆಲ್ಲ ಕಣ್ಣಿಗೆ ಕಟ್ಟುತ್ತದೆ. ನನಗೆ ನಿಧಾನವಾಗಿ ಓದಬೇಕಾಯಿತು. ನಮ್ಮ ಯಜಮಾನರು ಮಾತ್ರ ರಾತ್ರಿ ಊಟ ಮರೆತು ಓದಿದರು. ಆಫೀಸಿನ ಕಷ್ಟ ಆಫೀಸಿಗೆ ಹೋಗುವವರಿಗೇ ಗೊತ್ತು!

ವೈದೇಹಿಯವರದ್ದು ನಮ್ಮ ನಿಮ್ಮ ಲೋಕ. ಅಡಿಗೆಮನೆ, ಹಿತ್ತಲು, ಬಚ್ಚಲೊಲೆಯ ಮುಂದೆ ಆಡುವ ಮಾತು. ಅವರು ಕುಂದಾಪುರದವರು, ಹುಟ್ಟಿದ್ದು 1945ರಲ್ಲಿ. 'ವೈದೇಹಿ' ಅನ್ನುವ ಹೆಸರು ಬಂದದ್ದೇ ಒಂದು ಸ್ವಾರಸ್ಯ. 'ಸುಧಾ' ವಾರಪತ್ರಿಕೆಗೆ ಒಂದು ಕಥೆ ಕಳಿಸಿದರಂತೆ. ಆಮೇಲೆ, ಅದು ನಿಜವಾಗಿ ನಡೆದದ್ದು, ಅಚ್ಚು ಹಾಕಬೇಡಿ ಅಂತ ತಿಳಿಸಿದರಂತೆ. ಸಂಪಾದಕರು ಲೇಖಕಿಯ ಹೆಸರನ್ನೇ ಬದಲಿಸಿ 'ವೈದೇಹಿ' ಎಂದು ಹಾಕಿಬಿಟ್ಟರು! ಮನೆಯೊಳಗಿನ ಸತ್ಯ ಹೇಳಬೇಕಾದರೆ ಹೆಣ್ಣಿಗೆ ಆಗ ಇನ್ನೊಂದು ಹೆಸರು ಬೇಕಾಗಿತ್ತು ನೋಡಿ. ಅದೇ ಹೆಸರಿಗೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ಇನ್ನು 'ಪರ್ವ'. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಎಲ್ಲರ ಬಾಯಲ್ಲೂ ಈ ಪುಸ್ತಕದ ಹೆಸರಿತ್ತು. ಮಹಾಭಾರತದ ಕಥೆಯೇ. ಆದರೆ ವರ, ಶಾಪ, ಪವಾಡ ಒಂದೂ ಇಲ್ಲ. ಎಲ್ಲರೂ ನಮ್ಮ ಹಾಗೆ ವಯಸ್ಸಾಗಿ, ಸುಸ್ತಾಗಿ, ಹಳೆಯದನ್ನು ನೆನೆಸಿಕೊಂಡು ಕೊರಗುವ ಮನುಷ್ಯರು. ಮೊದಲಾಗುವುದೂ ಯುದ್ಧದಿಂದಲ್ಲ. ಮುದುಕ ಶಲ್ಯರಾಜನ ಮನೆಯಲ್ಲಿ ಮೊಮ್ಮಗಳ ಮದುವೆಯ ಚಿಂತೆ, ಕನ್ಯಾಶುಲ್ಕದ ಮಾತು!

ಕಣ್ಣಿನ ಪೊರೆಯ ಆಪರೇಷನ್ ಆಗಿ ಅಮ್ಮ ನಮ್ಮ ಮನೆಗೆ ಬಂದಿದ್ದಳು. ಅವಳಿಗೀಗ ಎಪ್ಪತ್ತು. ಓದಬಾರದು, ಟಿ.ವಿ. ನೋಡಬಾರದು ಅಂತ ಡಾಕ್ಟರು ಹೇಳಿದ್ದರು. ಮಧ್ಯಾಹ್ನ ಪಾತ್ರೆ ತೊಳೆದು ಮುಗಿದ ಮೇಲೆ ನಾನು 'ಪರ್ವ' ಗಟ್ಟಿಯಾಗಿ ಓದುತ್ತಿದ್ದೆ, ಅವಳು ಹಸಿರು ಕನ್ನಡಕ ಹಾಕಿಕೊಂಡು ಕೇಳುತ್ತಿದ್ದಳು. ಕುಂತಿ ತನ್ನ ಹಳೆಯ ದಿನಗಳನ್ನು ನೆನೆಯುವ ಭಾಗ ಬಂತು. ಗಂಡು ಹುಟ್ಟಬೇಕು, ಇನ್ನೊಂದು ಬೇಕು, ಮತ್ತೊಂದು ಬೇಕು ಅನ್ನುವ ಪಾಂಡುವಿನ ಹಟ. ಅಮ್ಮ ತಟ್ಟನೆ, "ಸ್ವಲ್ಪ ನಿಲ್ಲಿಸು" ಅಂದಳು.

"ನೀನು ಹುಟ್ಟಿದಾಗ ನಿಮ್ಮಪ್ಪನ ಮನೆಯಿಂದ ಯಾರೂ ನೋಡೋಕೆ ಬರಲಿಲ್ಲ ಕಣೇ. ಮೂರನೇದೂ ಹೆಣ್ಣು ಅಂತ. ನಾಮಕರಣಕ್ಕೆ ನಿಮ್ಮಪ್ಪ ಒಬ್ಬರೇ ಬಂದು ಹೋದರು. ಐದು ತಿಂಗಳಾದರೂ ಕರ್ಕೊಂಡು ಹೋಗೋಕೆ ಬರಲಿಲ್ಲ. ದಿನಾ ಸಾಯಂಕಾಲದ ಬಸ್ಸಿನ ಹೊತ್ತಿಗೆ ನಿನ್ನ ಎತ್ತಿಕೊಂಡು ಬಾಗಿಲಿಗೆ ಬರ್ತಿದ್ದೆ. ಬಸ್ಸು ಹೋದ ಮೇಲೆ ಒಳಗೆ ಹೋಗ್ತಿದ್ದೆ."

ನಲವತ್ತಾರು ವರ್ಷ ಈ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ನನ್ನ ಅಕ್ಕಂದಿರಿಗೂ ಗೊತ್ತಿರಲಿಲ್ಲ. ನಾನು ಹಾಗೇ ಕೂತಿದ್ದೆ. ಅಮ್ಮನೇ ಕಣ್ಣು ಒರೆಸಿಕೊಳ್ಳೋಕೆ ಹೋಗಿ, ಆಪರೇಷನ್ ಆದ ಕಣ್ಣು ಅಂತ ನೆನಪಾಗಿ ಕೈ ಇಳಿಸಿ, "ಮುಂದೆ ಓದು" ಅಂದಳು. ಓದಿದೆ. ಮಾರನೇ ದಿನ ಇನ್ನಷ್ಟು ಹೇಳಿದಳು. ನಾನಾಗಿ ಕೇಳಿದ್ದರೆ "ಅದೆಲ್ಲಾ ಯಾಕೀಗ" ಅಂತ ಮಾತು ಹಾರಿಸುತ್ತಿದ್ದಳು. ಕುಂತಿ ಬಾಯಿ ಬಿಟ್ಟದ್ದರಿಂದ ಅಮ್ಮನೂ ಬಾಯಿ ಬಿಟ್ಟಳು.

ಪುಸ್ತಕದಿಂದ ಇಷ್ಟು ಆಗುವುದಾದರೆ ಸಾಲದೇ? ಅದಕ್ಕೇ ನಿಮಗೂ ಹೇಳುತ್ತಿರುವುದು. ನಿಮ್ಮ ವರ್ಷದ್ದು ಯಾವುದು ನೋಡಿ. 1965ರವರಿಗೆ ಎರಡೆರಡು: ಭೈರಪ್ಪನವರ 'ವಂಶವೃಕ್ಷ', ಅನಂತಮೂರ್ತಿಯವರ 'ಸಂಸ್ಕಾರ'. 1967ಕ್ಕೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1968ಕ್ಕೆ ಕಾರಂತರ 'ಮೂಕಜ್ಜಿಯ ಕನಸುಗಳು'. 1970ಕ್ಕೆ 'ಗೃಹಭಂಗ'. 1976ಕ್ಕೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣಿನ ಕಥೆ, ಓದದವರು ಓದಲೇಬೇಕು. 1980ಕ್ಕೆ ತೇಜಸ್ವಿಯವರ 'ಕರ್ವಾಲೊ', ನಕ್ಕು ನಕ್ಕು ಓದಬಹುದು. 1981ರವರಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಇದೆ. ಆ ವರ್ಷ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದದ್ದು. ತಲಾಖ್ ಆದ ನಾದಿರಾಳ ಸಂಕಟ ಓದಿದರೆ ಯಾವ ಜಾತಿ ಧರ್ಮದ ಹೆಂಗಸಿಗೂ ಗಂಟಲು ಕಟ್ಟುತ್ತದೆ.

ಅತ್ತೆಯವರೋ ಅಮ್ಮನೋ ಹುಟ್ಟಿದ ವರ್ಷದ್ದನ್ನೂ ಹುಡುಕಬಹುದು. 1956ರಲ್ಲಿ ಮಾಸ್ತಿಯವರ 'ಚಿಕವೀರ ರಾಜೇಂದ್ರ', ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ' ಬಂದವು. "ಅತ್ತೆ, ನಿಮ್ಮ ವರ್ಷದ ಪುಸ್ತಕ" ಅಂತ ಸೊಸೆ ತಂದುಕೊಟ್ಟರೆ ಯಾವ ಅತ್ತೆಗೆ ಸಂತೋಷವಾಗುವುದಿಲ್ಲ?

ಇನ್ನು ಕೆಲವು ಕಿವಿಮಾತು:

ಪುಸ್ತಕದ ಹೆಸರಿರುವ ಪುಟದ ಹಿಂಬದಿ ನೋಡಿ. ಅಲ್ಲಿ 'ಮೊದಲ ಮುದ್ರಣ' ಎಂದು ಇರುವ ವರ್ಷವೇ ಲೆಕ್ಕ. ಮರುಮುದ್ರಣದ ವರ್ಷ ನೋಡಿ ಮೋಸ ಹೋಗಬೇಡಿ. ಮುನ್ನುಡಿಯ ಕೊನೆಯಲ್ಲೂ ತಾರೀಕು ಸಿಗುತ್ತದೆ.

ಕೊಳ್ಳಲೇಬೇಕು ಅಂತಿಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಸದಸ್ಯರಾಗಿ. ನಾಚಿಕೊಳ್ಳದೆ, "ಈ ವರ್ಷದ ಕಾದಂಬರಿ ಏನಿದೆ" ಅಂತ ಕೇಳಿ. ಮೊಬೈಲಿನಲ್ಲಿ ಹುಡುಕಿಕೊಡಲು ಮಕ್ಕಳಿಗೆ ಹೇಳಿ, ಅವರಿಗೂ ಒಂದು ಕೆಲಸವಾಗಲಿ.

ದಪ್ಪ ಪುಸ್ತಕ ಕಂಡು ಹೆದರಬೇಡಿ. ದಿನಕ್ಕೆ ಹತ್ತು ಪುಟ ಓದಿದರೆ 600 ಪುಟ ಎರಡೇ ತಿಂಗಳಿಗೆ ಮುಗಿಯುತ್ತದೆ. ಬೇಳೆ ಬೇಯುವ ಹೊತ್ತೂ ಹೊತ್ತೇ. ಆದರೆ ಕುಕ್ಕರಿನ ಸೀಟಿ ಮಾತ್ರ ಎಣಿಸುತ್ತಿರಿ!

ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಹಿರಿಯರಿದ್ದರೆ ಗಟ್ಟಿಯಾಗಿ ಓದಿ. ನಡುವೆ ಅವರು ಏನಾದರೂ ಹೇಳಿದರೆ ಪುಸ್ತಕ ಮುಚ್ಚಿ ಕೇಳಿ. ಪುಸ್ತಕ ನಾಳೆಯೂ ಇರುತ್ತದೆ. ಹೇಳುವವರು ಎಷ್ಟು ದಿನ ಇರುತ್ತಾರೋ ಯಾರು ಬಲ್ಲರು?

ನಿಮ್ಮ ವರ್ಷ ಯಾವುದು, ಯಾವ ಪುಸ್ತಕ ಸಿಕ್ಕಿತು, ಓದುವಾಗ ಮನೆಯಲ್ಲಿ ಯಾರು ಏನೆಂದರು? ಒಂದು ಕಾಗದ ಬರೆದು ತಿಳಿಸುತ್ತೀರಲ್ಲ?