ಇಪ್ಪತ್ತನೆಯವನ ಹೆಸರೆಲ್ಲಿ?

ಗೆಳೆಯರೇ, ‘ಪಿಎಫ್ ಬೇಡ ಸಾರ್, ಪೂರ್ತಿ ಸಂಬಳ ಕೈಗೇ ಕೊಡಿ’ ಎನ್ನುತ್ತೀರಲ್ಲ, ಇದೆಂಥ ಜಾಣತನ? ನಾನೂ ಒಂದು ಪ್ರೆಸ್ಸಿನ ಮಾಲೀಕ. ನಮ್ಮವರ ಆಟ ಬಲ್ಲೆ. 20 ಜನರಾದರೆ ಕಾನೂನು ಹಿಡಿಯುತ್ತದೆಂದು 19 ಹೆಸರಿಗೇ ಹಾಜರಿ ಪುಸ್ತಕ ಮುಚ್ಚುವವರಿದ್ದಾರೆ! ಮೂಲವೇತನ, ತುಟ್ಟಿಭತ್ಯೆಯ ಮೇಲೆ ನಿಮ್ಮಿಂದ ಶೇ. 12 ಮುರಿದುಕೊಂಡರೆ ಮಾಲೀಕನೂ ಅಷ್ಟೇ ಕಟ್ಟಬೇಕು. ಅವನ ಪಾಲಿನಲ್ಲಿ ಶೇ. 8.33 ಪಿಂಚಣಿ ನಿಧಿಗೆ. ಹತ್ತು ವರ್ಷ ಸೇವೆಯಾದರೆ 58ಕ್ಕೆ ಪಿಂಚಣಿ. ‘ಬೇಡ’ ಎಂದಿರೋ, ಉಳಿತಾಯ ಅವನಿಗೇ!

2016ರ ಏಪ್ರಿಲ್‌ನಲ್ಲಿ ಏನಾಯಿತು? ಮಾಲೀಕರು ಕಟ್ಟಿದ ಪಾಲನ್ನು 58 ತುಂಬುವವರೆಗೆ ಮುಟ್ಟಬೇಡಿ ಎಂದಿತ್ತು ಕೇಂದ್ರ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಲಾಠಿ ತಿಂದರು. ಎರಡೇ ದಿನದಲ್ಲಿ ದಿಲ್ಲಿ ಆದೇಶ ನುಂಗಿಕೊಂಡಿತು! ಡಿಗ್ರಿ ಓದಿದ ನಿಮಗೆ ಬಾಯಿಲ್ಲವೇ? ನಾಳೆಯೇ ಕೇಳಿ: ‘ನನ್ನ ಪಿಎಫ್ ನಂಬರೆಷ್ಟು?’