ಚಿಕ್ಕ ಪಾದಕ್ಕೆ ತಕ್ಕ ಬೂಟು ಬೇಕು

ಮಿಡಿಗೇಶಿ, ಮಧುಗಿರಿ, ಪಾವಗಡ, ಚನ್ನರಾಯನದುರ್ಗ ಇವೆಲ್ಲವೂ ಗಿರಿದುರ್ಗಗಳು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಹೆಪ್ಪುಗಟ್ಟಿದ ಕ್ಲೋಸ್‌ಪೇಟೆ ಗ್ರಾನೈಟ್ ಈ ಸೀಮೆಯ ಮೂಲಕ ಹಾದುಹೋಗಿದೆ. ಇಂಥ ಕಡಿದಾದ ಬಂಡೆಗಳನ್ನು ಇಂದು ಹುಡುಗರಂತೆಯೇ ಹುಡುಗಿಯರೂ ಉತ್ಸಾಹದಿಂದ ಏರುತ್ತಾರೆ. ಆದರೆ ಚಿಕ್ಕ ಪಾದದ ಹುಡುಗಿಯು ಬೆಟ್ಟವೇರುವ ಬೂಟನ್ನು ಕೊಳ್ಳಹೋದರೆ ಅವಳಿಗೆ ದೊರೆಯುವುದು ಮಕ್ಕಳ ಶಾಲಾ ಬೂಟು. ಇಲ್ಲವೇ ದೊಡ್ಡ ಬೂಟಿನೊಡನೆ ಎರಡು ಜೊತೆ ಕಾಲುಚೀಲ ತೊಡಬೇಕೆಂಬ ಸಲಹೆ. ಇದನ್ನು ಅವಳ ಪಾದದ ದೋಷವೆಂದು ಎಣಿಸುವುದು ಸರಿಯಲ್ಲ.

ಸಡಿಲವಾದ ಬೂಟಿನಿಂದ ಆಗುವ ಹಾನಿಗೆ ಸ್ಪಷ್ಟ ಕಾರಣಗಳುಂಟು. ನಡೆಯುವಾಗ ಪಾದವು ಬೆರಳುಗಳ ಬುಡದಲ್ಲಿ ಬಾಗುತ್ತದೆ. ಬೂಟಿನ ಅಟ್ಟೆಯೂ ಅಲ್ಲಿಯೇ ಬಾಗಬೇಕು. ಬೂಟು ಉದ್ದವಾದರೆ ಅಟ್ಟೆ ಬಾಗುವ ಸ್ಥಾನ ಮುಂದಕ್ಕೆ ಸರಿದು, ಹಿಮ್ಮಡಿ ಮೇಲೇಳುತ್ತದೆ, ಉಜ್ಜಾಟದಿಂದ ಬೊಬ್ಬೆಗಳೇಳುತ್ತವೆ. ಇಳಿಯುವಾಗ ದೇಹದ ಭಾರವು ಪಾದವನ್ನು ಇಳಿಜಾರಿನತ್ತ ನೂಕುತ್ತದೆ. ಆಗ ಅಟ್ಟೆಯು ಬಂಡೆಯನ್ನು ಬಿಗಿಯಾಗಿ ಹಿಡಿದಿದ್ದರೂ ಪಾದವು ಬೂಟಿನೊಳಗೇ ಜಾರಿ, ಉಗುರುಗಳು ಅದರ ಮೂತಿಗೆ ಬಡಿಯುತ್ತವೆ.

ಮಕ್ಕಳ ಬೂಟು ಇದಕ್ಕೆ ಪರಿಹಾರವಲ್ಲ; ಅದು ಬಾಲಕರ ಪಾದಕ್ಕೂ ತೂಕಕ್ಕೂ ಹೊಂದುವಂತೆ ರಚಿತವಾದುದು. ಪುರುಷರ ಬೂಟಿನ ಅಚ್ಚನ್ನು ಕಿರಿದುಗೊಳಿಸಿದರೂ ಸಾಲದು. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು, ಸ್ತ್ರೀಯರ ಪಾದವು ಪುರುಷರ ಪಾದದ ಕಿರಿಯ ಪ್ರತಿಯಲ್ಲವೆಂದೂ, ಕಮಾನು, ಹೊರಪಾರ್ಶ್ವ, ಹೆಬ್ಬೆರಳು ಮುಂತಾದೆಡೆ ಅದರ ಆಕಾರವೇ ಬೇರೆಯೆಂದೂ ತೋರಿಸಿತು.

ನಮ್ಮ ದೇಶದಲ್ಲಿಯೂ ಅಳತೆ ನಡೆದಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾಲಯವು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ಒಂದು ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಪರೀಕ್ಷಿಸಿತು. ಭಾರತೀಯರ ಪಾದಗಳು ಯೂರೋಪು, ಅಮೆರಿಕಗಳವರ ಪಾದಗಳಿಗಿಂತ ಅಗಲವೆಂದು ತಿಳಿದುಬಂದಿತು. ಸ್ತ್ರೀಯರ ಪಾದದ ಬೆಳವಣಿಗೆ ಸುಮಾರು 11ನೆಯ ವಯಸ್ಸಿಗೆ, ಪುರುಷರದು 15-16ಕ್ಕೆ ತುತ್ತತುದಿ ಮುಟ್ಟುವುದೆಂದೂ ಗೊತ್ತಾಯಿತು. ಇದರ ಆಧಾರದ ಮೇಲೆ ‘ಭಾ’ ಎಂಬ ಭಾರತೀಯ ಅಳತೆಯ ಕ್ರಮವು ಸೂಚಿತವಾಗಿದೆ. ಎಂದಮೇಲೆ ಪ್ರೌಢಶಾಲೆಯ ಹುಡುಗಿಯನ್ನು ‘ಬೆಳೆದಮೇಲೆ ಸರಿಹೋಗುತ್ತದೆ’ ಎಂದು ದೊಡ್ಡ ಬೂಟು ಕೊಟ್ಟು ಕಳುಹಿಸುವುದಕ್ಕೆ ಆಧಾರವೆಲ್ಲಿದೆ?

ಕೊಳ್ಳುವವರು ಕಡಮೆಯೆಂದು ತಯಾರಕರು ಹೇಳಬಹುದು. ಅಂಗಡಿಯಲ್ಲಿ ಇಲ್ಲದ ಬೂಟನ್ನು ಯಾರೂ ಕೊಳ್ಳಲಾರರು. ಆದುದರಿಂದ ಮಾರಾಟದ ಲೆಕ್ಕವು ಅಗತ್ಯದ ಲೆಕ್ಕವಾಗದು. ರಾಜ್ಯದ ಚರ್ಮ ಕೈಗಾರಿಕಾ ನಿಗಮವಾದ ಲಿಡ್ಕರ್, ಸ್ತ್ರೀಯರ ಪಾದಕ್ಕೆಂದೇ ಚಿಕ್ಕ ಅಳತೆಯ ಅಚ್ಚುಗಳನ್ನು ಮಾಡಿಸಿ, ಕುಶಲ ಚರ್ಮಕರ್ಮಿಗಳಿಂದ ಬೆಟ್ಟದ ಬೂಟುಗಳನ್ನು ಹೊಲಿಸಬಾರದೇಕೆ? ಕಾಲೇಜುಗಳು ತಮ್ಮ ವಿದ್ಯಾರ್ಥಿನಿಯರ ಬೇಡಿಕೆಯನ್ನು ಒಟ್ಟುಗೂಡಿಸಿ ಕಳುಹಿಸಿದರೆ ಅಂಥ ಕೆಲಸಕ್ಕೆ ನೆರವಾಗುವುದು.

ವಿದ್ಯಾರ್ಥಿನಿಯರು ಮಾಡಬಹುದಾದುದೂ ಉಂಟು. ಪಾದವು ಸ್ವಲ್ಪ ಉಬ್ಬಿರುವ ಸಂಜೆಯ ವೇಳೆ ಕಾಗದದ ಮೇಲೆ ನಿಂತು ಎರಡು ಪಾದಗಳ ಗೆರೆಯನ್ನೂ ಎಳೆಯಿಸಿ, ಉದ್ದ ಅಗಲಗಳನ್ನು ಮಿಲಿಮೀಟರುಗಳಲ್ಲಿ ಗುರುತಿಸಿಕೊಳ್ಳಿ. ಬೆಟ್ಟದಲ್ಲಿ ತೊಡುವ ಕಾಲುಚೀಲವನ್ನೇ ಹಾಕಿ, ಇಳಿಜಾರಿನ ಮೇಲೆ ನಿಂತು ಪರೀಕ್ಷಿಸಿ. ಬೆರಳು ಮುಂದೆ ತಾಗಿದರೆ, ಹಿಮ್ಮಡಿ ಎದ್ದರೆ, ಆ ಬೂಟನ್ನು ಸಂಕೋಚವಿಲ್ಲದೆ ಹಿಂದಿರುಗಿಸಿ, ನಿಮ್ಮ ಅಳತೆಯನ್ನು ಅಂಗಡಿಯವರಿಗೆ ಬರೆದುಕೊಟ್ಟು ಬನ್ನಿರಿ.